ಅರ್ಧ ಗೆರೆ ಹೆಚ್ಚು ಮದ್ದು

ಶನಿವಾರ ಬೆಳಿಗ್ಗೆ ಆರೂ ಕಾಲಿಗೆ ಎಲ್ಡನ್ ಪ್ರೂಯಿಟ್ ತನ್ನ ರಿವಾಲ್ವರ್ ತೋಟಾಗಳಿಗೆ ತುಂಬುವ ಮದ್ದನ್ನು ಅರ್ಧ ಗೆರೆ ಹೆಚ್ಚಿಸಿದ.

ಮೊಂಟಾನಾದ ಕ್ರೋ ಫೋರ್ಕ್ ಊರಿನಲ್ಲಿ ಇದು ಸಣ್ಣ ಸುದ್ದಿಯಲ್ಲ. ಅಲ್ಲಿ ಅರ್ಧಕ್ಕರ್ಧ ಜನ ಅಂಗಡಿಯ ತೋಟಾ ಕೊಳ್ಳುವುದಿಲ್ಲ. ಖಾಲಿ ಹಿತ್ತಾಳೆ ಕೊಳವೆಗಳನ್ನು ಆರಿಸಿ ತಂದು, ಗ್ಯಾರೇಜಿನಲ್ಲಿ ಕೂತು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಗೆರೆ ಕೊರೆದ ಯಂತ್ರದಲ್ಲಿ ಮದ್ದು ಅಳೆದು ಹಾಕಿ, ಮೇಲೊಂದು ಗುಂಡು ಒತ್ತಿ ತಾವೇ ತಯಾರಿಸಿಕೊಳ್ಳುತ್ತಾರೆ. ಯಾವ ಗುಂಡಿಗೆ ಎಷ್ಟು ಮದ್ದು ಎಂದು ಹೇಳುವ ಪುಸ್ತಕವಿದೆ. ಪ್ರತಿ ಪುಟದಲ್ಲೂ ಎರಡು ಅಂಕಿ: ಕೆಳಗಿನದು, ಮೇಲಿನದು. ಕೆಳಗಿನ ಅಂಕಿಯಿಂದ ಆರಂಭಿಸಿ, ನೋಡಿಕೊಂಡು ನಿಧಾನವಾಗಿ ಏರಿ, ಮೇಲಿನದನ್ನು ದಾಟಬೇಡಿ ಎನ್ನುತ್ತದೆ ಪುಸ್ತಕ. ಎಲ್ಡನ್ ಕೆಳಗಿನ ಅಂಕಿಯಿಂದ ಆರಂಭಿಸಿದ್ದ. ಅಲ್ಲೇ ಕೂತಿದ್ದ.

ಅವನು ಶಾಲಾ ಬಸ್ಸಿನ ಚಾಲಕ. ಅವನ ಬಸ್ಸಿನ ಹಿಂದೆ ಸಿಕ್ಕಿಕೊಂಡ ಟ್ರ್ಯಾಕ್ಟರುಗಳೂ ಹಾರ್ನ್ ಹೊಡೆಯುತ್ತಿದ್ದವು. ಊರಿನ ಗುಂಡು ಹೊಡೆಯುವ ಕ್ಲಬ್ಬಿಗೆ ಅವನೇ ಸುರಕ್ಷತೆಯ ಮೇಲ್ವಿಚಾರಕ. ಅಂಥ ಕೆಲಸಕ್ಕೆ ಅಂಥವನೇ ಸರಿ ಎಂದು ಎಲ್ಲರೂ ಒಪ್ಪಿದ್ದರು. ತೊಂದರೆ ಇದ್ದದ್ದು ಟಗರಿನದು.

ಕ್ಲಬ್ಬಿನ ಮೈದಾನದಲ್ಲಿ ಹಳ್ಳದಾಚೆ, ಇನ್ನೂರು ಗಜ ದೂರದಲ್ಲಿ, ಉಕ್ಕಿನ ಹಲಗೆಯಿಂದ ಕತ್ತರಿಸಿದ ಟಗರುಗಳನ್ನು ನಿಲ್ಲಿಸುತ್ತಾರೆ. ಗುಂಡು ತಗುಲಿದರೆ ಸಾಲದು, ಟಗರು ಬೀಳಬೇಕು. ಬೀಳದಿದ್ದರೆ ಸೊನ್ನೆ. ಎಲ್ಡನ್‌ನ ಗುಂಡು ತಗುಲುತ್ತಿತ್ತು. ‘ಟಣ್’ ಎಂದು ಸದ್ದಾಗುತ್ತಿತ್ತು. ಟಗರು ನೊಣ ಕೂತ ಎಮ್ಮೆಯಷ್ಟೂ ಅಲುಗದೆ ನಿಂತಿರುತ್ತಿತ್ತು. ನಾಲ್ಕು ವರ್ಷ ಹೀಗೇ ನಡೆದು ಅವನ ಹೆಸರು ಟಣ್ ಪ್ರೂಯಿಟ್ ಎಂದಾಗಿತ್ತು. ಅವನು ಹೋಟೆಲಿಗೆ ಕಾಲಿಟ್ಟರೆ ಗಿರಾಕಿಗಳು ಚಮಚದಿಂದ ಕಾಫಿ ಕಪ್ಪು ಬಡಿಯುತ್ತಿದ್ದರು. ಮಕ್ಕಳು ಬಸ್ಸು ಹತ್ತುವಾಗ ಬಾಗಿಲಿನ ತಗಡು ಬಡಿಯುತ್ತಿದ್ದರು. ಅದನ್ನೆಲ್ಲ ಅವನು ಸಹಿಸಿದ್ದ. ಆದರೆ ಶುಕ್ರವಾರ ಹೆಡ್‌ಮಾಸ್ತರು ಹೊಸದಾಗಿ ಬಂದ ಟೀಚರಿಗೆ ಅವನನ್ನು ಪರಿಚಯಿಸುತ್ತ, “ಇವರು ಟಣ್, ನಮ್ಮ ಡ್ರೈವರು” ಎಂದರು. ಆಕೆ ಕೈಕುಲುಕಿ, “ಸಂತೋಷ, ಮಿಸ್ಟರ್ ಟಣ್” ಎಂದಳು. ತಮಾಷೆ ಮಾಡಲಿಲ್ಲ, ನಿಜವಾಗಿಯೇ ಹೇಳಿದಳು.

ಶನಿವಾರ ವರ್ಷದ ಕೊನೆಯ ಪಂದ್ಯ. ಆಮೇಲೆ ಹಿಮ. ಇವತ್ತು ಒಂದಾದರೂ ಟಗರು ಬೀಳದಿದ್ದರೆ ಇಡೀ ಚಳಿಗಾಲ ಮಿಸ್ಟರ್ ಟಣ್ ಆಗಿ ಕಳೆಯಬೇಕು.

ಪಕ್ಕದ ಮನೆಯ ವರ್ಲ್ ಹಾಸ್ಕಿನ್ಸ್ ಗ್ಯಾರೇಜಿಗೆ ನುಗ್ಗಿದ್ದು ಆಗಲೇ.

“ಎಲ್ಡನ್, ನಿನ್ನ ಏಣಿ ಕೊಡು ಮಾರಾಯ.” ಅವನ ಕಣ್ಣು ಮದ್ದು ಅಳೆಯುವ ಯಂತ್ರದ ಮೇಲೆ ಬಿತ್ತು. “ಇದೇನಿದು?”

“ಏನಿಲ್ಲ.”

“ಗೆರೆ ಮೇಲೆ ಹೋಗಿದೆ!”

“ಅರ್ಧ ಗೆರೆ. ಇವತ್ತು ಸೀಸದ ಗುಂಡಲ್ಲ, ತಾಮ್ರದ ಕವಚದ್ದು. ಅದರ ಪುಟದಲ್ಲಿ ಮೇಲಿನ ಅಂಕಿ ಇನ್ನೂ ಎಷ್ಟೋ ದೂರ ಇದೆ. ಹೋದ ವಾರ ಒಬ್ಬನೇ ಹೋಗಿ ಹೊಡೆದು ನೋಡಿದೀನಿ. ಕೇಪು ಚಪ್ಪಟೆ ಆಗಿಲ್ಲ, ಖಾಲಿ ತೋಟಾ ಬೆರಳಿಗೇ ಜಾರಿ ಬಂತು. ಒತ್ತಡ ಸರಿಯಾಗಿದೆ. ಯಾರಿಗೂ ಹೇಳಬೇಡ.”

“ನಾನಾ? ನಾನು ಹೇಳೋನಾ?” ಎಂದ ವರ್ಲ್. ಅವನು ಪುಸ್ತಕ ಓದುವವನಲ್ಲ; ಮದ್ದನ್ನು ಕಣ್ಣಂದಾಜಿನಲ್ಲಿ ಹಾಕುವವನು. ಅವನ ಹಿಂದಿನ ರಿವಾಲ್ವರ್ ಒಡೆದು ಸೀಳಿದ್ದು ಈಗ ಅವನ ಹಜಾರದ ಗೋಡೆಯಲ್ಲಿ, ಜಿಂಕೆ ತಲೆಯ ಪಕ್ಕದಲ್ಲಿ ತೂಗುತ್ತಿತ್ತು. “ಎಲ್ಡನ್ ಪ್ರೂಯಿಟ್ ಮದ್ದು ಏರಿಸಿದ! ಅಯ್ಯೋ ದೇವರೇ, ಈ ದಿನ ನೋಡೋಕೆ ನಾನು ಬದುಕಿದ್ದೆನಲ್ಲ!”

ಅವನು ಏಣಿ ಮರೆತು ಓಡಿದ.

ಎಲ್ಡನ್ ತಿಂಡಿಗೆಂದು ಓಪಲ್‌ಳ ಹೋಟೆಲಿಗೆ ಬರುವ ಹೊತ್ತಿಗೆ ಅರ್ಧ ಗೆರೆ ಎರಡು ಗೆರೆಯಾಗಿತ್ತು. ಪೆಟ್ರೋಲ್ ಬಂಕಿನವರ ಮಾತಿನಲ್ಲಿ ತೋಟಾ ಬಾಯಿಮಟ್ಟ ತುಂಬಿತ್ತು. ಹೋಟೆಲಿನಲ್ಲಿ ಯಾರೂ ಚಮಚ ಬಡಿಯಲಿಲ್ಲ. ಎಲ್ಲರೂ ಅವನ ಬಲಗೈಯನ್ನೇ ನೋಡುತ್ತಿದ್ದರು, ಊರು ಬಿಟ್ಟು ಹೋಗುವವರನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡುವ ಹಾಗೆ.

“ಕಾಫಿ ಬಲಗೈಯಲ್ಲೇ ಕುಡಿಯಪ್ಪ. ಇವತ್ತಾದರೂ ಕುಡಿದುಬಿಡು,” ಎಂದಳು ಓಪಲ್, ಕಣ್ಣು ಒದ್ದೆ ಮಾಡಿಕೊಂಡು.

“ಅರ್ಧ ಗೆರೆ ಓಪಲ್! ಅರ್ಧ!”

“ಸರಿ ಸರಿ. ಎಲ್ಲರೂ ಹಾಗೇ ಹೇಳೋದು. ವರ್ಲ್ ಕೂಡ ಅವತ್ತು ಹಾಗೇ ಹೇಳಿದ್ದ.”

“ನಾನು ಹೇಳಿಲ್ಲ. ನಾನು ಅಳೆದೇ ಇರಲಿಲ್ಲ,” ಎಂದ ವರ್ಲ್ ಮೂಲೆಯ ಮೇಜಿನಿಂದ, ಬಾಯಿತುಂಬ ಪ್ಯಾನ್‌ಕೇಕ್ ಇಟ್ಟುಕೊಂಡು.

ಅಷ್ಟರಲ್ಲಿ ಹೋಟೆಲಿನ ಫೋನು ಬಡಿಯಿತು. ಎಲ್ಡನ್‌ಗೇ. ಹೆಂಡತಿ ಡಾರ್ಲೀನ್. ಅವನು ತೋಟಾ ಡಬ್ಬಿಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಯ ಬಾಗಿಲಿಗೆ ಹೋದ.

“ನನಗೆ ಹೇಳದೆ ಒತ್ತಡ ಏರಿಸಿದೀಯಂತೆ?”

“ಅರ್ಧ ಗೆರೆ ಡಾರ್ಲೀನ್.”

“ಊರೆಲ್ಲ ಎರಡು ಅಂತಿದೆ.”

“ಊರು ತೂಕ ಮಾಡಿ ನೋಡಿದೆಯಾ?”

“ಅದೆಲ್ಲ ಗೊತ್ತಿಲ್ಲ. ಅಪ್ಪನ ರಿವಾಲ್ವರ್ ತಗೊಂಡು ನಾನೂ ಬರ್ತೀನಿ. ಕಪಾಟಿನಲ್ಲಿ ನಿನ್ನ ಹಳೇ ತೋಟಾ ಡಬ್ಬಿ ಇದೆಯಲ್ಲ, ಸೀಸದ ಗುಂಡಿನದು, ಅದೇ ಹಾಕ್ಕೋತೀನಿ.”

“ನೀನು ಪಂದ್ಯಕ್ಕೆ ಯಾಕೆ? ಯಾವತ್ತೂ ಹೊಡೆದೇ ಇಲ್ಲ!”

“ಟಗರಿಗೋಸ್ಕರ ಅಲ್ಲ. ನಿನ್ನ ಪಕ್ಕ ನಿಂತ್ಕೊಳೋಕೆ. ನಾನು ಪಕ್ಕದಲ್ಲಿದ್ದರೆ ನೀನು ಹುಚ್ಚಾಟ ಆಡಲ್ಲ.”

ಈ ಮಾತುಕತೆ ನಡೆಯುತ್ತಿದ್ದಾಗ ವರ್ಲ್ ಡಬ್ಬಿ ತೆರೆದಿದ್ದ. ತೋಟಾಗಳು ಮೇಜಿನಿಂದ ಮೇಜಿಗೆ, ಕೈಯಿಂದ ಕೈಗೆ ಹೋದವು. ಒಬ್ಬ ಕಿವಿಯ ಹತ್ತಿರ ಅಲ್ಲಾಡಿಸಿದ, ಒಬ್ಬ ಬೆಳಕಿಗೆ ಹಿಡಿದ, ಮತ್ತೊಬ್ಬ ಅಂಗೈಯಲ್ಲಿ ತೂಗಿ “ಭಾರ ಇದೆ, ಭಾರ ಇದೆ” ಎಂದ. ವಾಪಸು ಬರುವಾಗ ಯಾರದೋ ಮೊಣಕೈ ತಗುಲಿ, ಪ್ಯಾನ್‌ಕೇಕಿಗೆ ಸುರಿಯುವ ಮೇಪಲ್ ಪಾಕದ ಜಾಡಿ ಡಬ್ಬಿಯ ಮೇಲೆಯೇ ಮಗುಚಿತು.

“ಶ್! ಸದ್ದು ಮಾಡಬೇಡಿ!” ಓಪಲ್ ಏಪ್ರನ್ನಿನಲ್ಲೇ ತೋಟಾಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಸೇರಿಸಿದಳು. ಎಲ್ಡನ್ ಬಂದಾಗ ಎಲ್ಲರೂ ತಮ್ಮ ತಟ್ಟೆಗಳನ್ನು ಪರೀಕ್ಷೆಗೆ ಓದುವ ಹುಡುಗರಷ್ಟು ಶ್ರದ್ಧೆಯಿಂದ ನೋಡುತ್ತಿದ್ದರು.

ಮೈದಾನದಲ್ಲಿ ಪಂದ್ಯ ನಡೆಸುವವನು ಲಾಯ್ಡ್, ಡಾರ್ಲೀನ್‌ಳ ತಮ್ಮ. ಅವನು ಬೆಳಿಗ್ಗೆಯೇ ಟಗರುಗಳಿಗೆ ಬಿಳಿ ಬಣ್ಣ ಬಳಿದು ನಿಲ್ಲಿಸಿದ್ದ. ಎಲ್ಡನ್ ಗುಂಡು ಹೊಡೆಯಲು ನಿಲ್ಲುವ ತನ್ನ ಕಟ್ಟೆಗೆ, ಎರಡನೆಯದಕ್ಕೆ, ಬಂದು ನೋಡುತ್ತಾನೆ, ಕಟ್ಟೆಯ ಮೂರು ಕಡೆ ಮರಳುಚೀಲ ಪೇರಿಸಿದೆ. ಜನರ ಪಿಕಪ್ಪುಗಳೆಲ್ಲ ಎಂದಿಗಿಂತ ದೂರ ನಿಂತಿವೆ. ಒಂದನೇ ಕಟ್ಟೆಯವನು ಹಲ್ಲುನೋವು ಎಂದು ಮನೆಗೆ ಹೋಗಿದ್ದಾನೆ. ಮರದಡಿ ಆಂಬುಲೆನ್ಸ್ ನಿಂತಿದೆ.

“ಲಾಯ್ಡ್, ಆಂಬುಲೆನ್ಸ್ ಯಾಕೆ?”

“ಅವರು ಸುಮ್ಮನೆ ಬಂದಿದಾರೆ. ಗಾಳಿ ಚೆನ್ನಾಗಿದೆ ಅಂತ.”

“ಅವರ ಹತ್ತಿರ ಐಸ್ ಪೆಟ್ಟಿಗೆ ಯಾಕಿದೆ?”

“ಬೆರಳು... ಅಲ್ಲ, ಬಿಯರ್. ಬಿಯರ್ ಇಡೋಕೆ.”

ಎಲ್ಡನ್ ತೋಟಾ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. ಕಿವಿ ಕೆಂಪಾಗಿದ್ದರೂ ಅವನ ಎದೆ ಹೊಡೆದುಕೊಳ್ಳುತ್ತಿದ್ದುದು ಸಿಟ್ಟಿನಿಂದಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಊರು ಅವನನ್ನು ಭಯದಿಂದ ನೋಡುತ್ತಿತ್ತು. ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಮೂರನೇ ಕಟ್ಟೆಯಲ್ಲಿ ಡಾರ್ಲೀನ್ ಅಪ್ಪನ ರಿವಾಲ್ವರನ್ನು ಕಾದ ಬಾಣಲೆಯ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು. ನಾಲ್ಕನೆಯದರಲ್ಲಿ ವರ್ಲ್. ಹಳ್ಳದಾಚೆ ನಾಲ್ಕು ಬಿಳಿ ಟಗರುಗಳು ಚಳಿಗೆ ಒತ್ತೊತ್ತಾಗಿ ನಿಂತ ಮಂದೆಯಂತೆ ಕಾಣುತ್ತಿದ್ದವು.

“ಅವರವರ ಕಟ್ಟೆಯ ಅಂಕಿ, ಅವರವರ ಟಗರು!” ಎಂದು ಲಾಯ್ಡ್ ಕೂಗಿದ. “ಎರಡನೇದು ಎಲ್ಡನ್. ಡಾರ್ಲೀನ್, ಮೂರನೇದು ನಿನ್ನದು. ತಲಾ ಐದು ಗುಂಡು. ಕಿವಿ ಮುಚ್ಚಿಕೊಳ್ಳಿ!”

ಎಲ್ಲರೂ ಕಿವಿಗೆ ಮುಚ್ಚುಗೆ ಹಾಕಿಕೊಂಡರು. ಕೊಂಬು ಮೊಳಗಿತು.

ಮೊದಲು ಹೊಡೆದವನು ವರ್ಲ್. ಮೊಳದುದ್ದ ಬೆಂಕಿ ಬಂತು, ಅವನ ಟೊಪ್ಪಿ ಬಿತ್ತು, ಟಗರು ಬೀಳಲಿಲ್ಲ. ಎಲ್ಡನ್ ಉಸಿರು ಬಿಟ್ಟ. ಹಿಡಿದ. ಗಾಳಿಗೆ ಕಾದ. ಮತ್ತೆ ಉಸಿರು ಬಿಟ್ಟ. ನೋಡುತ್ತಿದ್ದವರಲ್ಲಿ ಕೆಲವರು ಬೆರಳ ಸಂದಿಯಿಂದ ನೋಡುತ್ತಿದ್ದರು, ಓಪಲ್ ಪ್ರಾರ್ಥಿಸುತ್ತಿದ್ದಳು. ಅವನು ಟ್ರಿಗರ್ ಎಳೆದ. ಅದೇ ಗಳಿಗೆಯಲ್ಲಿ ಪಕ್ಕದ ಕಟ್ಟೆಯೂ ಗುಡುಗಿತು.

ಎರಡನೇ ಟಗರು ಒಮ್ಮೆ ಹಿಂದಕ್ಕೆ ವಾಲಿತು, ಯೋಚಿಸಿತು, ನಾಲ್ಕೂ ಕಾಲು ಮೇಲೆ ಮಾಡಿ ಉರುಳಿತು.

“ಬಿತ್ತು! ಬಿತ್ತು!” ಮೊದಲು ಕಿರುಚಿದವಳು ಡಾರ್ಲೀನ್. ಆಮೇಲೆ ಇಡೀ ಮೈದಾನ ಕಿರುಚಿತು. ಟೊಪ್ಪಿಗಳು ಹಾರಿದವು. ಆಂಬುಲೆನ್ಸಿನವರು ಸೈರನ್ ಹಾಕಿದರು. ವರ್ಲ್ ತನ್ನ ರಿವಾಲ್ವರನ್ನು ಕಟ್ಟೆಯ ಮೇಲೆ ಬಿಟ್ಟು ಓಡಿ ಬಂದು ಎಲ್ಡನ್‌ನ ಬೆರಳುಗಳನ್ನು ಎಣಿಸಿದ.

“ಎಲ್ಲಾ ಇವೆ! ಎಲ್ಲಾ ಇವೆ ಕಣಯ್ಯ!”

“ಲಾಯ್ಡ್,” ಎಂದು ಡಾರ್ಲೀನ್ ತಮ್ಮನ ತೋಳು ಎಳೆದಳು, “ಆ ಟಗರು...”

“ಗೊತ್ತು ಡಾರ್ಲೀನ್, ಗೊತ್ತು. ನಾಲ್ಕು ವರ್ಷ ಆಯ್ತು. ಅತ್ತುಬಿಡು, ಸಮಾಧಾನ ಆಗುತ್ತೆ,” ಎಂದು ಲಾಯ್ಡ್ ಅವಳ ಬೆನ್ನು ತಟ್ಟಿ ಆಚೆ ಹೋದ.

ಎಲ್ಡನ್ ಮಾತ್ರ ನಗುತ್ತಲೇ ತನ್ನ ಪದ್ಧತಿಯಂತೆ ತೋಟಾಗಳು ಕೂರುವ ಸಿಲಿಂಡರನ್ನು ಹೊರಕ್ಕೆ ಸರಿಸಿ, ತೋಟಾ ಹೊರಹಾಕುವ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಅಲುಗಲಿಲ್ಲ. ಅಂಗೈಯಿಂದ ಒತ್ತಿದ. ಅಲುಗಲಿಲ್ಲ. ನಗು ಹಾಗೇ ಮುಖದ ಮೇಲೆ ಉಳಿದು ತಣ್ಣಗಾಯಿತು.

ಒತ್ತಡ ಮಿತಿಮೀರಿದರೆ ಹಿತ್ತಾಳೆ ಉಬ್ಬಿ ಸಿಲಿಂಡರಿನ ತೂತಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆಗ ತೋಟಾ ಹೊರಬರುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ಏಕೆಂದರೆ ಮೈದಾನದ ಬಾಗಿಲಿಗೆ ತೂಗುಹಾಕಿದ ಹಲಗೆಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಖಾಲಿ ತೋಟಾ ಸಿಕ್ಕಿಕೊಂಡರೆ ಹೊಡೆಯುವವರು ಕೂಡಲೇ ಕಟ್ಟೆ ಬಿಡಬೇಕು, ಆ ಮದ್ದಿನಿಂದ ಕೆಡವಿದ ಟಗರು ಲೆಕ್ಕಕ್ಕಿಲ್ಲ. ಹಲಗೆ ಬರೆದವನು ಎಲ್ಡನ್.

ಅವನು ಕೈ ಎತ್ತಿದ. “ನಿಲ್ಲಿಸಿ. ತೋಟಾ ಸಿಕ್ಕಿಕೊಂಡಿದೆ.”

ಲಾಯ್ಡ್ ಹತ್ತಿರ ಬಂದು ಪಿಸುಗುಟ್ಟಿದ, “ಮುಚ್ಚಿಬಿಡು ಮಾರಾಯ. ಯಾರೂ ನೋಡಿಲ್ಲ.”

“ನಾನು ನೋಡಿದೆ,” ಎಂದ ಎಲ್ಡನ್. ರಿವಾಲ್ವರ್ ಕಟ್ಟೆಯ ಮೇಲಿಟ್ಟು, ಮರಳುಚೀಲ ದಾಟಿ ಹೋಗಿ, ಬೇಲಿ ಕಂಬಕ್ಕೆ ಒರಗಿ ನಿಂತ. ಅವನು ಹೋಗುವುದನ್ನು ನೋಡಲಾರದೆ ಆಂಬುಲೆನ್ಸಿನವರೂ ಸೈರನ್ ಆರಿಸಿದರು. “ಪುಸ್ತಕ ಸರಿಯಾಗಿದೆ, ತಕ್ಕಡಿ ಸರಿಯಾಗಿದೆ,” ಎಂದು ಅವನು ಯಾರಿಗೂ ಅಲ್ಲದೆ ಹೇಳುತ್ತಿದ್ದ. “ಹಾಗಾದರೆ ಹೇಗೆ? ಅರ್ಧ ಗೆರೆಗೆ ಹೇಗೆ?”

ವರ್ಲ್‌ಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಅವನು ಎಲ್ಡನ್‌ನ ರಿವಾಲ್ವರ್ ತೆಗೆದುಕೊಂಡು, ನಳಿಗೆಯನ್ನು ಟಗರುಗಳ ಕಡೆಗೇ ಇಟ್ಟು, ಉಳಿದ ತೋಟಾಗಳನ್ನು ಉಗುರಿನಿಂದ ಕಿತ್ತು ತೆಗೆದ. ಅವೂ ಒಂದೊಂದೂ ಹಠ ಮಾಡಿಯೇ ಬಂದವು. ಆಮೇಲೆ ಮರದ ಸುತ್ತಿಗೆಯಿಂದ ಕಡ್ಡಿಗೆ ಮೆಲ್ಲಗೆ ಬಡಿದ. ಖಾಲಿ ತೋಟಾ ‘ಪಚಕ್’ ಎಂದು ಹೊರಬಂತು. ಅವನು ಅದನ್ನು ಮೂಸಿದ. ಸುತ್ತ ನೋಡಿದ. ಒಮ್ಮೆ ನೆಕ್ಕಿದ.

“ಮೇಪಲ್!” ಎಂದು ಅರಚಿದ. “ಓಪಲ್! ಇದು ನಿನ್ನ ಹೋಟೆಲಿಂದು!”

“ನಾನು ಒರೆಸಿದ್ದೆ!” ಎಂದಳು ಓಪಲ್.

“ಒರೆಸಿದ್ದಲ್ಲ, ಬಳಿದದ್ದು! ಬೆಂಕಿಗೆ ಪಾಕ ಗಟ್ಟಿಯಾಗಿ ಕಚ್ಚಿಕೊಂಡಿದೆ!”

ಎಲ್ಡನ್ ಓಡಿ ಬಂದ. ಎಲ್ಡನ್ ಓಡಿದ್ದನ್ನು ಊರು ನೋಡಿದ್ದು ಅದೇ ಮೊದಲು. ಕನ್ನಡಕ ಹಣೆಗೇರಿಸಿ ಖಾಲಿ ತೋಟಾದ ತಳ ನೋಡಿದ. “ಕೇಪಿನ ಅಂಚು ದುಂಡಗಿದೆ! ಚಪ್ಪಟೆ ಆಗೇ ಇಲ್ಲ! ಹಿತ್ತಾಳೆ ಉಬ್ಬಿಲ್ಲ! ಒತ್ತಡ ಸರಿಯಾಗಿದೆ, ಲಾಯ್ಡ್, ಒತ್ತಡ ಸರಿಯಾಗಿದೆ!” ಅದನ್ನು ಹೇಳುತ್ತಲೇ ಅವನು ವರ್ಲ್ ಕಡೆ ತಿರುಗಿದ. “ನನ್ನ ತೋಟಾಗೆ ಪಾಕ ಸುರಿದು ನನ್ನ ಕೈಗೇ ಕೊಟ್ಟಿರಾ? ನಿಮ್ಮನ್ನೆಲ್ಲ ಕ್ಲಬ್ಬಿನಿಂದ ತೆಗೆದುಹಾಕಬೇಕು!”

“ತೆಗೆದುಹಾಕು, ನಾಳೆ ತೆಗೆದುಹಾಕು. ಇವತ್ತು ಟಗರು ಬಿದ್ದಿದೆ!”

ಲಾಯ್ಡ್ ಹಲಗೆಯನ್ನು ಇನ್ನೊಮ್ಮೆ ಓದಿಬಂದು ತೀರ್ಪು ಕೊಟ್ಟ. “ನಿಯಮ ಮದ್ದಿನ ಒತ್ತಡಕ್ಕೆ. ಪ್ಯಾನ್‌ಕೇಕಿಗೆ ನಿಯಮ ಇಲ್ಲ. ಟಗರು ಲೆಕ್ಕಕ್ಕಿದೆ!”

ಆಮೇಲೆ ನಡೆದದ್ದು ಪಂದ್ಯವಲ್ಲ, ಮೆರವಣಿಗೆ. ಲಾಯ್ಡ್ ಎಲ್ಲ ರಿವಾಲ್ವರುಗಳೂ ಖಾಲಿಯಾಗಿವೆಯೇ ನೋಡಿ, ಕೆಂಪು ಬಾವುಟ ಏರಿಸಿ, ಪಂದ್ಯ ಮುಗಿಯಿತೆಂದು ಸಾರಿದ. ಎಲ್ಡನ್‌ನನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿದರು. “ಪ್ರೂಯಿಟ್! ಪ್ರೂಯಿಟ್!” ಎಂದು ಜನ ಕೂಗುತ್ತಿದ್ದರು. ತನ್ನ ಹೆಸರು ಅಷ್ಟು ಚೆನ್ನಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಹಿಂದಿನಿಂದ ಡಾರ್ಲೀನ್ ಏನೋ ಕೂಗುತ್ತ ಬರುತ್ತಿದ್ದಳು; ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಓಪಲ್ ಕ್ಯಾಮೆರಾ ಹಿಡಿದಳು. “ಗುಂಡು ತಗುಲಿದ ಜಾಗಕ್ಕೆ ಬೆರಳು ತೋರಿಸಿ ನಿಂತ್ಕೊ. ಹೋಟೆಲಲ್ಲಿ ಹಾಕ್ತೀನಿ.”

ಎಲ್ಡನ್ ಬಿದ್ದ ಟಗರಿನ ಪಕ್ಕ ಮಂಡಿಯೂರಿದ. ಹೊಸ ಬಿಳಿ ಬಣ್ಣದ ಮೇಲೆ ಒಂದೇ ಒಂದು ಗುರುತು, ಎತ್ತರದಲ್ಲಿ, ಭುಜದ ತುದಿಯಲ್ಲಿ. ಅಂಗೈಯಗಲ ಸಿಡಿದ ಬೂದು ಕಲೆ. ಅವನು ಬೆರಳು ತೋರಿಸಿದ. ನಕ್ಕ. ನಗುತ್ತಲೇ ಆ ಬೂದು ಬಣ್ಣವನ್ನು ಹೆಬ್ಬೆರಳಿನಿಂದ ಉಜ್ಜಿದ. ಹೆಬ್ಬೆರಳು ನೋಡಿಕೊಂಡ.

“ಕ್ಯಾಮೆರಾ ನೋಡಪ್ಪ!”

ಅವನು ನೋಡಲಿಲ್ಲ. “ಇದು ಸೀಸ,” ಎಂದ.

“ಏನಾದರೇನು? ನಗು!”

“ನನ್ನದು ತಾಮ್ರ.” ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಬಾಯಿ ಎರಡು ಸಲ ಮುಚ್ಚಿತು, ಎರಡು ಸಲ ತೆರೆಯಿತು. “ಡಾರ್ಲೀನ್, ನೀನು ಯಾವ ಟಗರಿಗೆ ಹೊಡೆದೆ?”

“ಅದನ್ನೇ ಆಗಿನಿಂದ ಬಡ್ಕೋತಿದೀನಿ! ಮೂರನೇದಕ್ಕೆ. ಇದೇ ಮೂರನೇದು. ಬಿತ್ತು ಅಂತ ಕೂಗಿದೆ, ನೀವೆಲ್ಲ ಇವನನ್ನು ಹೊತ್ಕೊಂಡ್ರಿ.”

“ಇದು ಎರಡನೇದು.”

“ಮೂರನೇದು! ಎಣಿಸಿ ನೋಡು.” ಅವಳು ಪಿಕಪ್ಪುಗಳು ನಿಂತ ಬಲಗಡೆಯಿಂದ ಬೆರಳು ಮಾಡಿ ಎಣಿಸಿದಳು. “ಒಂದು, ಎರಡು, ಮೂರು.”

ಅಷ್ಟು ಜನರ ನಡುವೆ ಲಾಯ್ಡ್ ಮೆಲ್ಲಗೆ ಎಡಗಡೆಯಿಂದ ಎಣಿಸಿ ನೋಡಿದ, ತುಟಿ ಮಾತ್ರ ಅಲ್ಲಾಡಿಸಿ.

“ಹಾಗಾದರೆ ಎಲ್ಡನ್‌ನ ಗುಂಡು?” ಎಂದಳು ಓಪಲ್.

ಅದನ್ನು ವರ್ಲ್ ಹುಡುಕಿದ. ಟಗರು ನಿಂತಿದ್ದ ಮರದ ದಿಮ್ಮಿಯಲ್ಲಿ, ಗೊರಸು ಇದ್ದ ಜಾಗಕ್ಕಿಂತ ಒಂದು ಗೇಣು ಕೆಳಗೆ, ಹೊಸ ತೂತಿತ್ತು. ಒಳಗೆ ತಾಮ್ರ ಹೊಳೆಯುತ್ತಿತ್ತು.

“ಯಾವಾಗಲೂ ಕೆಳಗೇ,” ಎಂದ ಲಾಯ್ಡ್. “ನಾಲ್ಕು ವರ್ಷದಿಂದ ನಿನ್ನ ಗುಂಡೆಲ್ಲ ಈ ಟಗರಿನ ಕಾಲಿಗೇ. ಬಣ್ಣ ಬಳಿಯೋನು ನಾನಲ್ವಾ, ನೋಡ್ತಾನೇ ಇದ್ದೆ. ಭುಜಕ್ಕೆ ಹೊಡೆದರೆ ಬೀಳುತ್ತೆ. ಕಾಲಿಗೆ ಹೊಡೆದರೆ ಎಲ್ಲಿ ಬೀಳುತ್ತೆ?”

“ಒಂದು ದಿನ ಹೇಳೋಕೆ ಏನಾಗಿತ್ತು?”

“ನೀನು ಒತ್ತಡದ ವಿಷಯ ಕೇಳ್ತಿದ್ದೆ. ಇದನ್ನ ಕೇಳಲಿಲ್ಲ.”

“ಗುಂಡು ಹಾರೋಕೆ ಮೊದಲೇ ಕೈ ಇಳಿಸ್ತಾನೆ,” ಎಂದಳು ಡಾರ್ಲೀನ್. “ಬಸ್ಸಿನಲ್ಲೂ ಹಾಗೇ. ತಿರುವು ಬರೋಕೆ ಮೊದಲೇ ಬ್ರೇಕು.”

ಬೇರೆಯವರ ಟಗರು ಕೆಡವಿದರೆ ಇಬ್ಬರಿಗೂ ಸೊನ್ನೆ ಎಂದು ಲಾಯ್ಡ್ ಹೇಳಿದ. ಆ ನಿಯಮವೂ ಹಲಗೆಯಲ್ಲಿತ್ತು. ಎಲ್ಡನ್ ಓದಿ ನೋಡುವ ಅಗತ್ಯವಿರಲಿಲ್ಲ.

ವರ್ಲ್ ಅವನ ಹೆಗಲ ಮೇಲೆ ಕೈಹಾಕಿದ. “ಒಂದು ಮಾತು ಒಪ್ಕೋಬೇಕು ಮಾರಾಯ. ನಿನ್ನ ಪುಸ್ತಕ ಸುಳ್ಳಲ್ಲ. ಆ ಕೆಳಗಿನ ಅಂಕಿಯ ಮದ್ದೇ ಸಾಕು. ಟಗರು ಬಿದ್ದದ್ದು ನೀನು ತುಂಬಿದ ತೋಟಾದಿಂದಲೇ.”

ಎಲ್ಡನ್‌ಗೆ ಇದರಿಂದ ಸಮಾಧಾನವಾಗಲಿಲ್ಲ. ಹಳ್ಳ ದಾಟಿ ವಾಪಸು ಬರುವಾಗ ಅವನನ್ನು ಯಾರೂ ಹೊರಲಿಲ್ಲ.

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ನಡೆದ ಮೊದಲ ಪಂದ್ಯದಲ್ಲಿ ಡಾರ್ಲೀನ್ ಪ್ರೂಯಿಟ್ ತನ್ನದೇ ಟಗರನ್ನು ನಾಲ್ಕು ಸಲ ಕೆಡವಿದಳು. ಪ್ರತಿ ಸಲವೂ ಹಳ್ಳ ದಾಟಿ ಹೋಗಿ ಅದನ್ನು ಎತ್ತಿ ನಿಲ್ಲಿಸಿದವನು ಎಲ್ಡನ್.